ಉಬ್ಬರದ ಹೊತ್ತು ನೋಡಿ ಹೊರಡಿ

ಪ್ರಶ್ನೆ: ನಾವು ಮೂಡಿಗೆರೆ ಹತ್ತಿರದವರು, ಸಣ್ಣ ಕಾಫಿ ತೋಟವಿದೆ. ನನಗೆ 58, ಯಜಮಾನರಿಗೆ 63. ಇಬ್ಬರೇ ಎಲ್ಲಿಗೂ ಎರಡು ದಿನಕ್ಕಿಂತ ಜಾಸ್ತಿ ಹೋದವರಲ್ಲ. ಈ ಸಲ ಕುಯ್ಲು ಮುಗಿದ ಮೇಲೆ ನಮ್ಮದೇ ಕಾರಿನಲ್ಲಿ ಒಂದು ವಾರ ಕರಾವಳಿಗೆ ಹೋಗುವ ಆಸೆ. ಅವರಿಗೆ ಗಾಲ್ಫ್ ಹುಚ್ಚು. ನನಗೆ ಚಿಕ್ಕಂದಿನಿಂದ ಗಾಳದ ಹುಚ್ಚು, ಅದೂ ಕೆರೆಯಲ್ಲಿ ಮಾತ್ರ. ಮಂಗಳೂರಿಂದ ಕಾರವಾರದ ತನಕ ಏನೇನು ನೋಡಬೇಕೆಂದು ಮಕ್ಕಳು ಪಟ್ಟಿ ಮಾಡಿದ್ದಾರೆ. ಹೇಗೆ ಹೊಂದಿಸೋದು? ಹೆಂಗಸು ಒಬ್ಬಳೇ ಗಾಳ ಹಿಡಿದು ಕೂತರೆ ಜನ ಏನಂದುಕೊಳ್ಳುತ್ತಾರೋ ಅನ್ನೋ ಅಳುಕೂ ಇದೆ.

ಉತ್ತರ: ಮೊದಲು ಆ ಪಟ್ಟಿಯನ್ನು ಮಕ್ಕಳಿಗೇ ವಾಪಸ್ ಕೊಡಿ.

ಮಂಗಳೂರಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರ್. ನಾನು ಹಾಸನದವನು, ಹೇಮಾವತಿ ಹಿನ್ನೀರಿನಲ್ಲಿ ಗಾಳ ಹಾಕಿ ಕಲಿತವನು. ಮೊದಲ ಸಲ ಹೆಂಡತಿಯನ್ನು ಕರೆದುಕೊಂಡು ಹೋದಾಗ ಮೂರೇ ದಿನದಲ್ಲಿ ಕಾರವಾರ ಮುಟ್ಟಿ ಬಂದೆ. ಮನೆಗೆ ಬಂದ ಮೇಲೆ ಅವಳು ಹೇಳಿದ್ದು ಇಷ್ಟೇ: "ಸಮುದ್ರ ಕಿಟಕಿಯಲ್ಲೇ ಓಡಿಹೋಯ್ತು." ಆ ಮಾತು ನನಗೆ ಬಹಳ ನೋವು ಕೊಟ್ಟಿತು. ಮುಂದಿನ ವರ್ಷ ಎರಡೇ ಊರಲ್ಲಿ ಏಳು ದಿನ ಇದ್ದೆವು. ನಿಮಗೂ ಅದನ್ನೇ ಹೇಳುತ್ತೇನೆ.

ಫೆಬ್ರವರಿ ಕೊನೆಗೆ ಹೊರಡಿ. ಕುಯ್ಲೂ ಮುಗಿದಿರುತ್ತದೆ, ಹೂಮಳೆಗೂ ಇನ್ನೂ ಹೊತ್ತಿರುತ್ತದೆ. ಕಡಲು ಶಾಂತವಾಗಿರುವ ಕಾಲ ಅದು. ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ನಿಧಾನವಾಗಿ ಇಳಿಯಿರಿ. ಮಧ್ಯಾಹ್ನದ ಊಟಕ್ಕೆ ಮಂಗಳೂರಲ್ಲಿರುತ್ತೀರಿ.

ಮಂಗಳೂರಲ್ಲಿ ಮೂರು ರಾತ್ರಿ ಇರಿ. ಅದು ಯಜಮಾನರ ಪಾಲು. ವಾಮಂಜೂರಿನ ಹತ್ತಿರ ಪಿಲಿಕುಳದಲ್ಲಿ ಗಾಲ್ಫ್ ಮೈದಾನವಿದೆ. ಹೊರಗಿನವರು ಆಡಬಹುದೇ, ಶುಲ್ಕ ಎಷ್ಟು, ಆಟದ ಚೀಲ ಹೊರುವ ಕ್ಯಾಡಿ ಸಿಗುತ್ತಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಲಿ. ಭಾನುವಾರ ಬೇಡ. ಕಾಲರ್ ಇರುವ ಟೀ ಶರ್ಟ್ ಇರಲಿ. ನಮ್ಮ ಮಲೆನಾಡಿನ ತಂಪಲ್ಲಿ ಆಡಿದವರಿಗೆ ಅಲ್ಲಿನ ಸೆಕೆ ಬೇರೆಯೇ ಲೆಕ್ಕ. ಹದಿನೆಂಟು ಕುಳಿಯ ಆಟಕ್ಕೆ ನಾಲ್ಕು ಗಂಟೆ ಬೇಕು. ಬೆಳಕಾದ ಕೂಡಲೇ ಶುರು ಮಾಡಿ ಒಂಬತ್ತು ಕುಳಿಗೆ ನಿಲ್ಲಿಸಿದರೆ ಎರಡು ಗಂಟೆಯಲ್ಲಿ ಮುಗಿಯುತ್ತದೆ, ಬಿಸಿಲೂ ತಾಗುವುದಿಲ್ಲ. ಉಳಿದದ್ದು ಮರುದಿನಕ್ಕಿರಲಿ. ಒಂದು ದಿನ ನೀವೂ ಜೊತೆಗೆ ಹೋಗಿ. ಆಟ ಮುಗಿದ ಮೇಲೆ ಇಬ್ಬರೂ ಪಿಲಿಕುಳದ ಕೆರೆ, ತುಳುನಾಡಿನ ಹಳೆಯ ದೊಡ್ಡಮನೆಯ ಮಾದರಿಯ ಗುತ್ತಿನ ಮನೆ, ಕುಶಲಕರ್ಮಿಗಳ ಗ್ರಾಮ ನೋಡಬಹುದು.

ಆಮೇಲೆ ಕುಂದಾಪುರಕ್ಕೆ ಹೋಗಿ, ಅಲ್ಲಿ ನಾಲ್ಕು ರಾತ್ರಿ. ಇದು ನಿಮ್ಮ ಪಾಲು. ದಾರಿಯಲ್ಲಿ ಕಾಪು ದೀಪಸ್ತಂಭದ ಹತ್ತಿರ ಒಂದು ಗಂಟೆ ಕೂತುಕೊಳ್ಳಿ. 1901ರಲ್ಲಿ ಕಟ್ಟಿದ್ದು. ಬೇರೆ ಎಲ್ಲೂ ನಿಲ್ಲಬೇಡಿ.

ಕುಂದಾಪುರ ಯಾಕೆ ಅಂದರೆ, ಅಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿ ಐದೂ ನದಿಗಳು ಸೇರಿ ಕಡಲಿಗೆ ಬೀಳುತ್ತವೆ. ಪಂಚಗಂಗಾವಳಿ ಅನ್ನುತ್ತಾರೆ. ಕೆರೆಯಲ್ಲಿ ಕಲಿತ ಕೈಗೆ ನೇರವಾಗಿ ತೆರೆಯ ಎದುರು ನಿಲ್ಲುವುದು ಕಷ್ಟ. ಅಳಿವೆಯ, ಅಂದರೆ ನದಿ ಕಡಲು ಸೇರುವ ಜಾಗದ, ಒಳಗಿನ ನೀರು ನಿಮಗೆ ಬೇಗ ಒಗ್ಗುತ್ತದೆ. ಆದರೆ ಒಂದು ವ್ಯತ್ಯಾಸ ಇದೆ, ಇದನ್ನು ಚೆನ್ನಾಗಿ ನೆನಪಿಡಿ. ಕೆರೆಯಲ್ಲಿ ಹೊತ್ತು ನೋಡಿ ಕೂರುತ್ತೇವೆ, ಅಲ್ವಾ? ಇಲ್ಲಿ ನೀರು ನೋಡಿ ಕೂರಬೇಕು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಅದು ದಿನವೂ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಸಂಜೆ ಐದಕ್ಕೆ ನೀರು ತುಂಬಿದರೆ ನಾಳೆ ಆರರ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರಿನ ಎಳೆತ ಜೋರು. ನನ್ನ ಅನುಭವದಲ್ಲಿ ನೀರು ಏರುವ ಕೊನೆಯ ಎರಡು ಗಂಟೆ, ಇಳಿಯಲು ಶುರುವಾದ ಮೊದಲ ಗಂಟೆ ಮೀನು ಚೆನ್ನಾಗಿ ಕಚ್ಚುತ್ತದೆ. ಉಬ್ಬರದ ಸಮಯ ಮೊಬೈಲಿನಲ್ಲೇ ಸಿಗುತ್ತದೆ. ಮೊದಲು ಅದನ್ನು ಬರೆದಿಟ್ಟುಕೊಂಡು, ಆಮೇಲೆ ತಾರೀಕು ಗೊತ್ತುಮಾಡಿ. ಗಾಲ್ಫ್ ಬೆಳಿಗ್ಗೆ ಎಂದಾದರೂ ಆಡಬಹುದು, ಉಬ್ಬರ ಯಾರಿಗೂ ಕಾಯುವುದಿಲ್ಲ.

ಏಳೆಂಟು ಅಡಿಯ ಕೋಲು, ಮಧ್ಯಮ ಗಾತ್ರದ ರೀಲು ಸಾಕು. ಎರೆಗೆ ಎರೆಹುಳ ಒಯ್ಯಬೇಡಿ, ಅಲ್ಲಿಯೇ ಸೀಗಡಿ ಕೊಳ್ಳಿ. ರಾತ್ರಿ ಎಷ್ಟೇ ದಣಿದಿರಲಿ, ರೀಲನ್ನು ಸಿಹಿನೀರಲ್ಲಿ ತೊಳೆದು ಒರೆಸಿಯೇ ಮಲಗಿ. ನಾನು ತೊಳೆಯದೆ ಇಟ್ಟ ರೀಲು ಒಂದೇ ವಾರದಲ್ಲಿ ಉಪ್ಪು ಹಿಡಿದು ಕಚ್ಚಿಕೊಂಡಿತು, ಮತ್ತೆ ತಿರುಗಲೇ ಇಲ್ಲ. ಪಾಚಿ ಹಿಡಿದ ಕಲ್ಲಿನ ಮೇಲೆ ಹತ್ತಬೇಡಿ. ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು ತೊರಕೆ ಸಿಕ್ಕರೆ ಬಾಲ ಮುಟ್ಟದೆ ದಾರ ಕತ್ತರಿಸಿ ಬಿಟ್ಟುಬಿಡಿ. ಮುಳ್ಳು ಚುಚ್ಚಿದರೆ, ಮೈ ಸುಡದೆ ತಡೆದುಕೊಳ್ಳುವಷ್ಟು ಬಿಸಿಯಿರುವ ನೀರಲ್ಲಿ ಆ ಜಾಗ ಅದ್ದಿ, ಕೂಡಲೇ ಆಸ್ಪತ್ರೆಗೆ ಹೋಗಿ. ಮೀನುಗಾರರು ಬಲೆ ಬಿಟ್ಟ ಕಡೆ ಗಾಳ ಹಾಕಬಾರದು. ಅದು ಅವರ ಅನ್ನ.

ನಿಮ್ಮ ಅಳುಕಿನ ಬಗ್ಗೆ ಮನಸ್ಸಿಟ್ಟು ಹೇಳುತ್ತೇನೆ. ಅಲ್ಲಿ ಮೀನು ಮಾರುವವರು, ಚೌಕಾಸಿಗೆ ಎದುರು ನಿಲ್ಲುವವರು ಹೆಂಗಸರೇ. ಇಳಿತದ ಹೊತ್ತಲ್ಲಿ ಸೀರೆ ಎತ್ತಿಕಟ್ಟಿ ಹೊಳೆಗಿಳಿದು ಮರುವಾಯಿ ಚಿಪ್ಪು ಹೆಕ್ಕುವವರೂ ಅವರೇ. ನಿಮ್ಮ ಕೈಯಲ್ಲಿ ಗಾಳ ಕಂಡರೆ "ಎಂತ ಸಿಕ್ತು?" ಅಂತ ಕೇಳುತ್ತಾರೆ ಅಷ್ಟೇ. ಮೊದಲ ದಿನ ಯಜಮಾನರೂ ಪಕ್ಕದಲ್ಲಿ ಕೂರಲಿ. ನೀವು ಅವರ ಗಾಲ್ಫ್ ನೋಡಿದ್ದೀರಲ್ಲ!

ಒಂದು ಸಂಜೆ ಮರವಂತೆಗೆ ಹೋಗಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ. ನಾವು ಹೋದ ದಿನ ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುತ್ತಿದ್ದರು. ನನ್ನಾಕೆ ಕೇಳಿಕೊಂಡು ತಾನೂ ಹಗ್ಗಕ್ಕೆ ಕೈಹಾಕಿದಳು. ಅರ್ಧ ಗಂಟೆ ಎಳೆದಳು. ಬಲೆ ಬಂದಾಗ ಅವರು ಅವಳ ಸೆರಗಿಗೆ ಒಂದು ಬೊಗಸೆ ಬೂತಾಯಿ ಮೀನು ಹಾಕಿದರು. ಆ ರಾತ್ರಿ ಉಳಿದುಕೊಂಡ ಮನೆಯವರೇ ಅದನ್ನು ಹುರಿದು ಕೊಟ್ಟರು. ಈಗಲೂ ಆ ದಿನದ ಮಾತು ಬಂದರೆ ಅವಳ ಮುಖ ಅರಳುತ್ತದೆ.

ಪ್ರಶ್ನೆ: ನಾವು ಜೂನ್‌ನಲ್ಲಿ ಮಲ್ಪೆಗೆ ಹೋಗಿ ಮೀನು ಹಿಡಿಯುವ ದೋಣಿ ಹತ್ತಬಹುದೇ? - ಅರಸೀಕೆರೆಯ ಓದುಗರು

ಉತ್ತರ: ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿ ಮಾಡುವ ಕಾಲ, ಕಡಲೂ ಕೆರಳಿರುತ್ತದೆ. ನವೆಂಬರ್ ನಂತರ ಹೋಗಿ.

ಪ್ರಶ್ನೆ: ಕರಾವಳಿಯಿಂದ ಬೇಲೂರಿಗೆ ಮೀನು ತಂದರೆ ಪ್ರತಿ ಸಲ ವಾಸನೆ ಬರುತ್ತದೆ. ಹೇಗೆ ತರಬೇಕು?

ಉತ್ತರ: ಹೊರಡುವ ದಿನ ಬೆಳಿಗ್ಗೆಯೇ ಕೊಳ್ಳಿ. ಹೊಟ್ಟೆ, ಕಿವಿರು ಅಲ್ಲೇ ತೆಗೆಸಿ. ಥರ್ಮಾಕೋಲ್ ಪೆಟ್ಟಿಗೆಗೆ ಒಂದು ಪದರ ಪುಡಿ ಐಸ್, ಒಂದು ಪದರ ಮೀನು, ಮತ್ತೆ ಐಸ್. ಕರಗಿದ ನೀರಲ್ಲಿ ಮೀನು ನೆನೆಯಬಾರದು, ಅದಕ್ಕೇ ತಳದಲ್ಲಿ ತೂತು ಮಾಡಿ ಕೆಳಗೊಂದು ತಟ್ಟೆ ಇಡಿ. ಬಂಗುಡೆಯಲ್ಲಿ ಜಾಸ್ತಿ ಎಚ್ಚರ ಬೇಕು. ಬಿಸಿಗೆ ಬಿಟ್ಟರೆ ಅದರಲ್ಲಿ ಹಿಸ್ಟಮಿನ್ ಎಂಬ ವಿಷವಸ್ತು ಹುಟ್ಟುತ್ತದೆ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಮೈ ತುರಿಕೆ, ತಲೆನೋವು ಬರುತ್ತದೆ. ಘಾಟಿ ಹತ್ತುವ ಮೊದಲು ಉಜಿರೆಯಲ್ಲಿ ಪೆಟ್ಟಿಗೆ ತೆರೆದು ನೋಡಿ. ಐಸ್ ಅರ್ಧಕ್ಕಿಳಿದಿದ್ದರೆ ಅಲ್ಲೇ ತುಂಬಿಸಿಕೊಳ್ಳಿ.