ಅನುದಾನ ನಿಂತ ಮೇಲೆ ಮಹಿಳಾ ಸಂಘದ ರಾಗಿ ಮಾಲ್ಟ್ ಘಟಕ ಬೆಳೆಸುವುದು ಹೇಗೆ?

ಮಾಲೂರು ಕಡೆಯ ಸ್ತ್ರೀಶಕ್ತಿ ಸಂಘ, ತಿಂಗಳಿಗೆ 500 ಕೆಜಿ ರಾಗಿ ಮಾಲ್ಟ್, ಈ ವರ್ಷ ಇಲಾಖೆಯ ಅನುದಾನ ಬಂದಿಲ್ಲ, ಅಂಗಡಿಗಳು ಇನ್ನೂ ಕೇಳುತ್ತಿವೆ, ದುಡ್ಡು ಎಲ್ಲಿಂದ ತರುವುದು ಎಂದು ಕೇಳಿದ್ದೀರಿ.

ಸಾಲಕ್ಕೆ ಓಡುವ ಮೊದಲು, ಇಷ್ಟು ದಿನ ಆ ಅನುದಾನ ಯಾವ ಖರ್ಚನ್ನು ಹೊರುತ್ತಿತ್ತು ನೋಡಿ. ಹೆಚ್ಚಿನ ಸಂಘಗಳಲ್ಲಿ ಅದು ಕೂಲಿ. 2025-26ರ ಬೆಂಬಲ ಬೆಲೆಯಲ್ಲಿ ಕ್ವಿಂಟಾಲ್ ರಾಗಿಗೆ 4,886 ರೂ. ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೇರು ಉಜ್ಜಿ ತೆಗೆದು, ಹುರಿದು ಬೀಸಿದ ಮೇಲೆ 80 ಕೆಜಿ ಹಿಟ್ಟು ಉಳಿಯಿತು ಅಂತ ಇಟ್ಟುಕೊಳ್ಳಿ. ಕೆಜಿ ಹಿಟ್ಟಿಗೆ ರಾಗಿಯದ್ದೇ 61 ರೂ. ಆಯಿತು. ಬೀಸಲು 5, ಕವರು-ಲೇಬಲ್ಲಿಗೆ 8, ಕರೆಂಟು-ಸಾಗಣೆಗೆ 6 ಸೇರಿಸಿದರೆ 80. ಅಂಗಡಿಗೆ 110ಕ್ಕೆ ಕೊಟ್ಟರೆ ಪುಸ್ತಕದಲ್ಲಿ 30 ರೂ. ಲಾಭ ಕಾಣುತ್ತದೆ. ಆದರೆ ಆ ಕ್ವಿಂಟಾಲಿಗೆ ನಾಲ್ಕು ಆಳಿನ ಕೆಲಸವಿದೆ. ಆಳಿಗೆ 400ರಂತೆ ಹಾಕಿದರೆ ಕೆಜಿಗೆ 20 ಹೋಗಿ, ಉಳಿಯುವುದು 10. ನೂರರಲ್ಲಿ ಐದು ಪ್ಯಾಕೆಟ್ ವಾಪಸ್ ಬಂದರೆ ಅದರಲ್ಲೂ ಅರ್ಧ ಹೋಯಿತು. ಇವು ಉದಾಹರಣೆಯ ಅಂಕಿ. ನಿಮ್ಮ ಬಿಲ್ಲು ನೋಡಿ ತುಂಬಿಕೊಳ್ಳಿ. ಕೂಲಿ ಸೇರಿಸಿದ ಮೇಲೆ ಲೆಕ್ಕ ಮೈನಸ್ ಬಂದರೆ ಸಾಲ ಮಾಡಬೇಡಿ, ಮೊದಲು ಬೆಲೆ ಸರಿಮಾಡಿ. ಸಂಘದ ಅಕ್ಕಂದಿರ ಬಿಟ್ಟಿ ದುಡಿಮೆಯ ಮೇಲೆ ಘಟಕ ನಿಲ್ಲಿಸುವುದು ನನ್ನ ಮನಸ್ಸಿಗೆ ಒಪ್ಪದ ಮಾತು.

ಎರಡನೆಯದು ಉದ್ದರಿ. ಕೆಜಿಗೆ 100 ರೂ. ಖರ್ಚಾದರೆ 500 ಕೆಜಿಗೆ ತಿಂಗಳಿಗೆ 50,000. ಅಂಗಡಿಯವರು ಎರಡು ತಿಂಗಳಿಗೆ ಕೊಟ್ಟರೆ ಒಂದು ಲಕ್ಷ ಸದಾ ಹೊರಗೇ ಇರುತ್ತದೆ. 1,000 ಕೆಜಿಗೆ ಏರಿಸಿದ ದಿನ ಅದು ಎರಡು ಲಕ್ಷ. ವ್ಯಾಪಾರ ಏರುತ್ತಿರುವಾಗಲೇ ರಾಗಿ ಕೊಳ್ಳಲು ಕಾಸಿಲ್ಲದೆ ಘಟಕ ಕೂರುವುದು ಇದರಿಂದಲೇ. ಹಾಗಾಗಿ ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ. ಪೂರ್ತಿ ಉಚಿತ, ಸಂಘದ ಹೆಸರಲ್ಲೇ ಆಗುತ್ತದೆ. ಸಣ್ಣ ಉದ್ದಿಮೆಗಳ ಎಂಎಸ್‌ಎಂಇ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಖರೀದಿದಾರ 45 ದಿನದೊಳಗೆ ಹಣ ಕೊಡಬೇಕು, ಒಪ್ಪಂದವೇ ಇಲ್ಲದಿದ್ದರೆ 15 ದಿನ. ಸಣ್ಣ ಅಂಗಡಿಯವರ ಮೇಲೆ ದೂರು ಹಾಕುವುದಕ್ಕಿಂತ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಮತ್ತು ಪಾವತಿಯ ದಿನಾಂಕ ಅಚ್ಚು ಹಾಕಿಸುವುದು ಹೆಚ್ಚು ಕೆಲಸ ಮಾಡುತ್ತದೆ.

ರಾಗಿಯನ್ನು ಸುಗ್ಗಿ ಮುಗಿದ ಕೂಡಲೇ ಮೂರ್ನಾಲ್ಕು ತಿಂಗಳಿಗಾಗುವಷ್ಟು ಕೊಳ್ಳಿ. ಸರ್ಕಾರದ ಖರೀದಿ ಕೇಂದ್ರದ ಹಣ ರೈತರ ಖಾತೆಗೆ ಬರಲು ದಿನ ಹಿಡಿಯುತ್ತದೆ. ನೀವು ಕಣದಲ್ಲೇ ಕೈಗೆ ಕಾಸು ಕೊಟ್ಟರೆ ಅದೇ ಬೆಲೆಗೆ ಒಳ್ಳೆಯ ರಾಗಿ ಆರಿಸಿಕೊಳ್ಳಬಹುದು. ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದ ಧಾನ್ಯ ಅದು, ಕೆಡುವುದಿಲ್ಲ. ಕೆಡುವುದು ಹಿಟ್ಟು. ದಾಸ್ತಾನು ರಾಗಿಯಾಗಿಯೇ ಇರಲಿ.

ಈ ದುಡಿಯುವ ಬಂಡವಾಳಕ್ಕೆ ಸರಿಯಾದದ್ದು ಸ್ವಸಹಾಯ ಸಂಘದ ಬ್ಯಾಂಕ್ ಸಾಲ. 10 ಲಕ್ಷದವರೆಗೆ ಅಡಮಾನವೂ ಬೇಡ, ಸಂಘದ ಕೈಯಿಂದ ಹಾಕುವ ಮಾರ್ಜಿನ್ ಹಣವೂ ಬೇಡ; ಸಂಜೀವಿನಿಗೆ (ರಾಜ್ಯದ ಗ್ರಾಮೀಣ ಜೀವನೋಪಾಯ ಯೋಜನೆ) ಸೇರಿದ ಸಂಘವಾದರೆ 3 ಲಕ್ಷದವರೆಗೆ ಬಡ್ಡಿ ಶೇ. 7. ಬ್ಯಾಂಕಿನವರು ನೋಡುವುದು ಪಂಚಸೂತ್ರ: ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಲೆಕ್ಕ. ಆರು ತಿಂಗಳ ಸಭೆಯನ್ನು ಒಂದೇ ಪೆನ್ನಿನಲ್ಲಿ, ಒಂದೇ ಕೂತದ್ದಕ್ಕೆ ಬರೆದ ನಡವಳಿ ಪುಸ್ತಕವನ್ನು ಮ್ಯಾನೇಜರ್ ಎರಡು ಹಾಳೆ ತಿರುವುವಷ್ಟರಲ್ಲಿ ಗುರುತಿಸುತ್ತಾರೆ. ಇವತ್ತಿನಿಂದಲೇ ವಾರವಾರ ಬರೆಯಿರಿ.

ಯಂತ್ರಕ್ಕೆ ಈ ಸಾಲ ಮುಟ್ಟಬೇಡಿ. ಅದಕ್ಕೆ ಸಣ್ಣ ಆಹಾರ ತಯಾರಿಕಾ ಘಟಕಗಳಿಗೆಂದೇ ಇರುವ ಪಿಎಂಎಫ್‌ಎಂಇ ಯೋಜನೆ ಇದೆ: ಕೇಂದ್ರದ ಸಹಾಯಧನ ಶೇ. 35, ಗರಿಷ್ಠ 10 ಲಕ್ಷ. ಕರ್ನಾಟಕದಲ್ಲಿ ರಾಜ್ಯದ ಪಾಲು ಸೇರಿ ಶೇ. 50, ಗರಿಷ್ಠ 15 ಲಕ್ಷ. ಈ ಯೋಜನೆಯಲ್ಲಿ ನಿಮ್ಮ ಕೋಲಾರ ಜಿಲ್ಲೆಗೆ ಗೊತ್ತುಮಾಡಿದ ಬೆಳೆ ಟೊಮೆಟೊ, ಆದರೂ ಈಗಾಗಲೇ ನಡೆಯುತ್ತಿರುವ ಘಟಕ ಬೇರೆ ಪದಾರ್ಥಕ್ಕೂ ಅರ್ಜಿ ಹಾಕಬಹುದು. ಜನ ಎಡವುವುದು ಇಲ್ಲಿ: ಸಹಾಯಧನ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂತು, ಮೂರು ವರ್ಷ ಕಂತು ಸರಿಯಾಗಿ ಕಟ್ಟಿ ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮೆಯಾಗುತ್ತದೆ. ಹಾಗಾಗಿ ಕಂತಿನ ಲೆಕ್ಕವನ್ನು ಸಹಾಯಧನ ನೆಚ್ಚಿಕೊಂಡು ಹಾಕಬೇಡಿ. ಯೋಜನೆಯವರೇ ನೇಮಿಸಿದ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಯೋಜನಾ ವರದಿ ಮಾಡಿಕೊಡುತ್ತಾರೆ, ನೀವು ಹಣ ಕೊಡಬೇಕಿಲ್ಲ. ಯೋಜನೆಯ ಗಡುವನ್ನು ಮಾತ್ರ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿಕೊಳ್ಳಿ.

ಯಾವ ಯಂತ್ರ ಮೊದಲು? ಎಲ್ಲರೂ ಬೀಸುವ ಯಂತ್ರಕ್ಕೆ ಹೋಗುತ್ತಾರೆ. ನಾನಾದರೆ ಸೋಲಾರ್ ಡ್ರೈಯರ್ ಎನ್ನುತ್ತೇನೆ. ಸೆಪ್ಟೆಂಬರ್-ಅಕ್ಟೋಬರ್ ಮಳೆಯಲ್ಲಿ ಮಾಳಿಗೆ ಮೇಲೆ ಹರವಿದ ಮೊಳಕೆ ರಾಗಿ ಒಣಗದೆ ಮುಗ್ಗಲು ವಾಸನೆ ಬರುತ್ತದೆ, ಆ ಪ್ಯಾಕೆಟ್ಟುಗಳೇ ವಾಪಸ್ ಬರುವುದು. ಬೀಸಲು ಊರಿನ ಮಿಲ್ಲು ಸಾಕು. ಮೊದಲು ಒಂದೆರಡು ಕೆಜಿ ನಿಮ್ಮದೇ ರಾಗಿ ಓಡಿಸಿ, ಆ ಹಿಟ್ಟನ್ನು ಬೇರೆ ಇಡಿ. ಹಿಂದಿನವರ ಗೋಧಿ, ಕಾರದಪುಡಿ ಅದರಲ್ಲಿ ಹೋಗುತ್ತದೆ.

ನರಸಾಪುರ, ವೇಮಗಲ್‌ನ ಕಂಪನಿಗಳು ಸಾಮಾಜಿಕ ಹೊಣೆಗೆಂದು ಖರ್ಚು ಮಾಡುವ ಸಿಎಸ್‌ಆರ್ ಹಣದ ಬಗ್ಗೆಯೂ ಕೇಳಿದ್ದೀರಿ. ಕಂಪನಿ ಕಾಯ್ದೆಯೇ ಸುತ್ತಮುತ್ತಲ ಊರಿಗೆ ಆದ್ಯತೆ ಕೊಡಿ ಎನ್ನುತ್ತದೆ. ಆದರೆ ಆ ಹಣ ಸಂಘದ ಖಾತೆಗೆ ನೇರವಾಗಿ ಬರುವುದಿಲ್ಲ. ಆದಾಯ ತೆರಿಗೆಯ 12ಎ, 80ಜಿ ಮತ್ತು ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಇರುವ, ಮೂರು ವರ್ಷ ಕೆಲಸ ಮಾಡಿರುವ ಟ್ರಸ್ಟ್ ಅಥವಾ ಸಂಸ್ಥೆಯ ಮೂಲಕ ಬರಬೇಕು. ಅಂಥವರನ್ನು ಜೊತೆ ಮಾಡಿಕೊಂಡು, ಹೊಸ ಹಣಕಾಸು ವರ್ಷದ ಯೋಜನೆ ಮಾಡುವ ಮೊದಲೇ, ಮಾರ್ಚ್ ಒಳಗೆ ಹೋಗಿ. ಕೇಳುವುದು ಒಂದೇ ಸಲದ ಖರ್ಚಿರಲಿ: ತೇವಾಂಶ ಅಳೆಯುವ ಮೀಟರ್, ಲ್ಯಾಬ್ ಪರೀಕ್ಷೆ, ತರಬೇತಿ. ಕೂಲಿಯನ್ನು ಅದರಲ್ಲಿ ಸೇರಿಸಿದರೆ ಮುಂದಿನ ವರ್ಷ ಮತ್ತೆ ಇದೇ ಪ್ರಶ್ನೆ ಕೇಳಬೇಕಾಗುತ್ತದೆ.