ಸ್ವಲ್ಪ ಟ್ಯೂಬ್‌ಲೈಟ್ ಆಗಿ ನೋಡಿ

ಪ್ರಶ್ನೆ: ಕಳೆದ ತಿಂಗಳು ಮಗಳಿಗೆ ರಜೆ ಇತ್ತು ಅಂತ ಮೂವರೂ ಒಂದು ಕಲಾ ಪ್ರದರ್ಶನಕ್ಕೆ ಹೋಗಿದ್ದೆವು. ಮೊದಲ ಕೋಣೆಯಲ್ಲಿ ಏನೂ ಇರಲಿಲ್ಲ ಅಂತಲೇ ಹೇಳಬೇಕು. ಬಿಳಿ ಹಾಳೆಗಳ ಮೇಲೆ ಪೆನ್ಸಿಲ್ ಗೆರೆ, ನೆಲದ ಮೇಲೊಂದು ತಗಡಿನ ಪೆಟ್ಟಿಗೆ. ನಮ್ಮ ಯಜಮಾನರು "ಇದನ್ನ ನಮ್ಮ ಪುಟ್ಟಿನೂ ಮಾಡ್ತಾಳೆ" ಅಂದು ಕಾಫಿ ಕುಡಿಯಲು ಹೊರಗೆ ಹೋದರು. ನಾನು ಮಾತ್ರ ಆ ಗೆರೆಗಳ ಮುಂದೆ ಹತ್ತು ನಿಮಿಷ ನಿಂತೆ, ಯಾಕೆ ಅಂತ ನನಗೇ ಗೊತ್ತಿಲ್ಲ. ಮಗಳು ಪೆಟ್ಟಿಗೆ ಮುಟ್ಟಲು ಹೋಗಿ ಬೈಸಿಕೊಂಡಳು. ಮುಂದಿನ ಕೋಣೆಯಲ್ಲಿ ಪೂರಾ ಉಲ್ಟಾ. ಗೋಡೆ ಮುಂದೆ ಕೈ ಆಡಿಸಿದರೆ ಬಣ್ಣದ ಬೆಳಕು ಹರಿಯುತ್ತದೆ, ದಯವಿಟ್ಟು ಮುಟ್ಟಿ ಅಂತ ಬೋರ್ಡು ಬೇರೆ. ಮಜಾ ಬಂತು, ಆದರೆ ಮೆಟ್ರೋ ಹತ್ತುವ ಹೊತ್ತಿಗೆ ಮರೆತೂ ಹೋಯಿತು. ಎರಡನ್ನೂ ಕಲೆ ಅಂತಾರಲ್ಲ, ಹೇಗೆ?
(ರಾಜಾಜಿನಗರದ ಓದುಗರು)

ಉತ್ತರ: ನಿಮ್ಮ ಯಜಮಾನರಿಂದಲೇ ಶುರು ಮಾಡೋಣ. ಅವರು ಒಂಟಿಯಲ್ಲ. 1976ರಲ್ಲಿ ಲಂಡನ್ನಿನ ಪತ್ರಿಕೆಗಳು ಹೆಚ್ಚುಕಡಿಮೆ ಇದೇ ಮಾತು ಬರೆದವು. ಕಾರ್ಲ್ ಆಂಡ್ರೆ ಅನ್ನುವ ಅಮೆರಿಕದ ಶಿಲ್ಪಿ, ಕುಲುಮೆಗೆ ಬಳಸುವ 120 ಇಟ್ಟಿಗೆಗಳನ್ನು ನೆಲದ ಮೇಲೆ ಎರಡು ವರಸೆಯಲ್ಲಿ ಜೋಡಿಸಿಟ್ಟಿದ್ದ. ಗಾರೆ ಇಲ್ಲ, ಸಿಮೆಂಟ್ ಇಲ್ಲ, ಸುಮ್ನೆ ಇಟ್ಟಿದ್ದು. ಟೇಟ್ ಗ್ಯಾಲರಿ ಅದನ್ನು 1972ರಲ್ಲೇ ಕೊಂಡಿತ್ತು. ನಾಲ್ಕು ವರ್ಷದ ಮೇಲೆ ಸುದ್ದಿಯಾಗಿ, ಜನರ ದುಡ್ಡಲ್ಲಿ ಇಟ್ಟಿಗೆ ಕೊಂಡಿದ್ದೀರಾ ಅಂತ ಗಲಾಟೆ ಆಯಿತು, ಒಬ್ಬ ಬಂದು ಅದರ ಮೇಲೆ ನೀಲಿ ಬಣ್ಣದ ನೀರು ಸುರಿದೂ ಹೋದ.

ನಮ್ಮ ಬಡಾವಣೆಗಳಲ್ಲಿ ಯಾವ ಖಾಲಿ ಸೈಟಿನ ಮುಂದೆ ಬೇಕಾದರೂ ಇಟ್ಟಿಗೆ ಅಟ್ಟಿ ಸಿಗುತ್ತದೆ. ಅದನ್ನು ಯಾರೂ ನಿಂತು ನೋಡುವುದಿಲ್ಲ, ಯಾಕೆಂದರೆ ಅದು ನಾಳೆ ಗೋಡೆಯಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಆಂಡ್ರೆಯ ಇಟ್ಟಿಗೆ ಏನೂ ಆಗುವುದಿಲ್ಲ. ಅದಕ್ಕೇ ರೇಗುತ್ತದೆ. 1966ರಲ್ಲಿ ಅವನು ಇಂಥವು ಎಂಟು ಮಾಡಿದ್ದ. ಪ್ರತಿಯೊಂದರಲ್ಲೂ 120 ಇಟ್ಟಿಗೆಯೇ, ಆದರೆ ಒಂದು ಉದ್ದ, ಒಂದು ಅಗಲ. ಲೆಕ್ಕ ಒಂದೇ, ಕಣ್ಣಿಗೆ ಮಾತ್ರ ಒಂದು ಹೆಚ್ಚು ಇನ್ನೊಂದು ಕಮ್ಮಿ ಅನ್ನಿಸುತ್ತದೆ. ಇದು ಫೋಟೋದಲ್ಲಿ ಗೊತ್ತಾಗುವುದಿಲ್ಲ, ಸುತ್ತ ನಡೆದಾಡಬೇಕು.

ಇನ್ನು ತಗಡಿನ ಪೆಟ್ಟಿಗೆ. ಈ ದಾರಿ ಹಾಕಿಕೊಟ್ಟವರಲ್ಲಿ ಡೊನಾಲ್ಡ್ ಜಡ್ ದೊಡ್ಡ ಹೆಸರು. ಅವನು ಪೆಟ್ಟಿಗೆಗಳನ್ನು ಸ್ವಂತ ಕೈಯಲ್ಲಿ ಮಾಡುತ್ತಿರಲಿಲ್ಲ, ನಾವು ಪೀಣ್ಯದ ಫ್ಯಾಬ್ರಿಕೇಶನ್ ಶೆಡ್ಡಿಗೆ ಡ್ರಾಯಿಂಗ್ ಕೊಟ್ಟು ಗೇಟು ಮಾಡಿಸುವ ಹಾಗೆ ಮಾಡಿಸುತ್ತಿದ್ದ. ಟೆಕ್ಸಸ್‌ನ ಮಾರ್ಫಾ ಊರಲ್ಲಿ ಅವನ 100 ಅಲ್ಯೂಮಿನಿಯಂ ಪೆಟ್ಟಿಗೆಗಳಿವೆ. ಹೊರಗಿನ ಅಳತೆ ಎಲ್ಲದಕ್ಕೂ ಒಂದೇ, ಒಳಗಿನ ವಿನ್ಯಾಸ ಒಂದೊಂದಕ್ಕೂ ಬೇರೆ. ಮುಟ್ಟಬಾರದು ಅನ್ನುವುದಕ್ಕೂ ಕಾರಣ ಇದೆ. ಬಣ್ಣ ಬಳಿಯದ ಲೋಹಕ್ಕೆ ಕೈಯ ಬೆವರು, ಎಣ್ಣೆ ಅಂಟಿದರೆ ಕಲೆ ಉಳಿಯುತ್ತದೆ, ತೆಗೆಯುವುದು ಕಷ್ಟ. (ಕಲೆಯ ಮೇಲೆ ಕಲೆ. ಕನ್ನಡದಲ್ಲಿ ಮಾತ್ರ ಆಗುವ ತಮಾಷೆ.) ಬೈಯುವ ಬದಲು ಇಷ್ಟು ಹೇಳಿದ್ದರೆ ನಿಮ್ಮ ಮಗಳು ಕೈ ಹಿಂದೆ ಕಟ್ಟಿಕೊಂಡು ಇನ್ನೂ ಹತ್ತಿರ ಹೋಗಿ ನೋಡುತ್ತಿದ್ದಳು, ಅಲ್ವಾ?

ಈಗ ನಿಮ್ಮ ಹತ್ತು ನಿಮಿಷ. ಅದು ನನಗೆ ಬಹಳ ಇಷ್ಟವಾಯಿತು. ನಮ್ಮಲ್ಲಿ ಗೆರೆಗಳಿಂದಲೇ ಬದುಕಿದವರು ನಸ್ರೀನ್ ಮೊಹಮ್ಮದಿ. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, ಬರೋಡಾದಲ್ಲಿ ಪಾಠ ಹೇಳಿ, 1990ರಲ್ಲಿ ತೀರಿಕೊಂಡರು. ನರಗಳ ಕಾಯಿಲೆಯಿಂದ ಕೊನೆಯ ವರ್ಷಗಳಲ್ಲಿ ಅವರ ಮೈ ಅವರ ಮಾತು ಕೇಳುತ್ತಿರಲಿಲ್ಲ. ಆಗಲೂ ಎಳೆದ ಗೆರೆ ಮಾತ್ರ ಕೂದಲೆಳೆಯಷ್ಟೂ ಆಚೀಚೆ ಆದ ಹಾಗೆ ಕಾಣುವುದಿಲ್ಲ. ಇಂಥ ಗೆರೆಗಳನ್ನು ಮೊದಲು ನೋಡಿದಾಗ ಗ್ರಾಫ್ ಹಾಳೆ ಅನ್ನಿಸುತ್ತದೆ. ಎರಡು ನಿಮಿಷಕ್ಕೆ ಕೆಲವು ಗೆರೆ ದಪ್ಪ ಕೆಲವು ತೆಳು ಅಂತ ಕಾಣುತ್ತದೆ, ಆಮೇಲೆ ನಡುವಿನ ಖಾಲಿ ಜಾಗ ಅಲುಗಾಡಿದ ಹಾಗೆ. ನಿಮಗೆ ಆಗಿದ್ದು ಬಹುಶಃ ಇದೇ. ತಡವಾಗಿ ಅರ್ಥವಾಗುವವರನ್ನು ನಾವು ಟ್ಯೂಬ್‌ಲೈಟ್ ಅಂತ ಆಡಿಕೊಳ್ಳುತ್ತೇವೆ. ಈ ಬಗೆಯ ಕಲೆಯ ಮುಂದೆ ಟ್ಯೂಬ್‌ಲೈಟ್ ಆಗಿರುವುದೇ ವಾಸಿ. ಡ್ಯಾನ್ ಫ್ಲಾವಿನ್ ಅಂತೂ 1963ರಿಂದ ಅಂಗಡಿಯಲ್ಲಿ ಸಿಗುವ ಟ್ಯೂಬ್‌ಲೈಟುಗಳನ್ನೇ ಗೋಡೆಗೆ ಹಾಕಿ ಕಲಾಕೃತಿ ಮಾಡಿದ, ಅದು ಬೇರೆ ಮಾತು.

ಎರಡನೇ ಕೋಣೆ ಯಾಕೆ ಮರೆತುಹೋಯಿತು? ಆ ಗೋಡೆಯ ಮುಂದೆ ನೀವು ಕೈ ಆಡಿಸಿದರೂ ಅಷ್ಟೇ, ಪಾರಿವಾಳ ರೆಕ್ಕೆ ಬಡಿದರೂ ಅಷ್ಟೇ. ನೀವು ಮುಟ್ಟಿದ್ದರಿಂದ ಅದಕ್ಕೆ ಏನೂ ಆಗಲಿಲ್ಲ, ನಿಮಗೂ ಏನೂ ಆಗಲಿಲ್ಲ. ಇದಕ್ಕೆ ಎದುರಾಗಿ ಒಂದು ಕೃತಿ ಹೇಳುತ್ತೇನೆ. 1991ರಲ್ಲಿ ಫೆಲಿಕ್ಸ್ ಗೊನ್ಸಾಲೆಸ್ ಟೊರೆಸ್ ಮಾಡಿದ್ದು. ಕೋಣೆಯ ಮೂಲೆಯಲ್ಲಿ ಬಣ್ಣದ ಕಾಗದ ಸುತ್ತಿದ ಮಿಠಾಯಿ ರಾಶಿ, ಅಷ್ಟೇ. ತೂಕ 175 ಪೌಂಡು, ಅಂದರೆ ಸುಮಾರು 79 ಕಿಲೋ. ಬಂದವರು ಒಂದೊಂದು ತೆಗೆದುಕೊಂಡು ತಿನ್ನಬಹುದು. ಅದು ಅವನ ಸಂಗಾತಿ ರಾಸ್‌ನ ಚಿತ್ರ. ರಾಸ್ ಅದೇ ವರ್ಷ ಏಡ್ಸ್‌ನಿಂದ ತೀರಿಕೊಂಡಿದ್ದ. ಆ ತೂಕ ಅವನು ಗಟ್ಟಿಯಾಗಿದ್ದಾಗಿನ ತೂಕ ಅಂತ ಅನೇಕರು ಹೇಳುತ್ತಾರೆ. ಜನ ತಿಂದ ಹಾಗೆ ರಾಶಿ ಕರಗುತ್ತದೆ, ಗ್ಯಾಲರಿಯವರು ಮತ್ತೆ ತುಂಬಬಹುದು. ಬಾಯಲ್ಲಿ ಮಿಠಾಯಿ ಇಟ್ಟುಕೊಂಡ ಮೇಲೆ ಈ ವಿಷಯ ಗೊತ್ತಾದರೆ ಹೇಗಿರುತ್ತದೆ, ಯೋಚನೆ ಮಾಡಿ. ನಿಮ್ಮ ಎರಡು ಕೋಣೆಗಳೂ ಇದೊಂದರಲ್ಲೇ ಇವೆ. ಏನೂ ಇಲ್ಲದ ಹಾಗಿದೆ, ಮುಟ್ಟಲೂಬಹುದು.

ಪ್ರಶ್ನೆ: ನಾವು ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಕಾಲೇಜು ಫೆಸ್ಟಿಗೆ ಸೆನ್ಸರ್ ಹಾಕಿ ಒಂದು ಇಂಟರಾಕ್ಟಿವ್ ಕೃತಿ ಮಾಡುತ್ತಿದ್ದೇವೆ. ಏನಾದರೂ ಸಲಹೆ?
(ಬಸವನಗುಡಿಯ ಓದುಗರು)

ಉತ್ತರ: ಸೆನ್ಸರ್ ಆಫ್ ಮಾಡಿ ಒಮ್ಮೆ ನೋಡಿ. ಆಗಲೂ ನೋಡಬೇಕು ಅನ್ನಿಸಿದರೆ ಮುಂದುವರಿಯಿರಿ. ಮತ್ತೆ, ಗಟ್ಟಿಯಾಗಿ ಮಾಡಿ. 1971ರಲ್ಲಿ ರಾಬರ್ಟ್ ಮಾರಿಸ್ ಇದೇ ಟೇಟ್ ಗ್ಯಾಲರಿಯಲ್ಲಿ ಮರದ ಇಳಿಜಾರು, ಏತದ ಹಾಗೆ ತೂಗುವ ಹಲಗೆ, ಉರುಳೆ ಎಲ್ಲ ಇಟ್ಟು ಹತ್ತಿ, ಆಡಿ ಅಂದ. ಜನ ಎಷ್ಟು ಆಡಿದರು ಅಂದರೆ ಗಾಯಗಳಾಗಿ ಐದೇ ದಿನಕ್ಕೆ ಬಾಗಿಲು ಹಾಕಬೇಕಾಯಿತು. 2009ರಲ್ಲಿ ಹೆಚ್ಚು ಸುರಕ್ಷಿತ ಸಾಮಾನು ಬಳಸಿ ಮತ್ತೆ ಮಾಡಿದರು. ನಿಮ್ಮದನ್ನು ಮೊದಲು ಒಂದು ಸ್ಕೂಲ್ ವ್ಯಾನ್ ತುಂಬ ಮಕ್ಕಳ ಕೈಗೆ ಅರ್ಧ ಗಂಟೆ ಬಿಡಿ. ಅದಕ್ಕಿಂತ ದೊಡ್ಡ ಟೆಸ್ಟಿಂಗ್ ಇಲ್ಲ.

ಪ್ರಶ್ನೆ: ವಯಸ್ಸು ಎಪ್ಪತ್ತು ದಾಟಿದೆ. ಬೆಂಗಳೂರಿನಲ್ಲಿ ಇವನ್ನೆಲ್ಲ ನೋಡಲು ಎಲ್ಲಿಗೆ ಹೋಗಬೇಕು?
(ಜಯನಗರದ ಓದುಗರು)

ಉತ್ತರ: ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಮರದ ನೆರಳಿಗೋಸ್ಕರವಾದರೂ ಹೋಗಿ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಶುರುವಾದ ಮ್ಯಾಪ್, ಅಂದರೆ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ, ಇದೆ. ಮುಟ್ಟಿ ಆಡುವಂಥದ್ದು ಬೇಕಿದ್ದರೆ ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ. ಸೋಮವಾರ ಬೇಡ, ಬಾಗಿಲು ನೋಡಿ ವಾಪಸ್ ಬರಬೇಕಾಗುತ್ತದೆ. ಜನವರಿಯ ಚಿತ್ರಸಂತೆಯೂ ಚೆನ್ನ, ಆದರೆ ಅಲ್ಲಿನ ನೂಕುನುಗ್ಗಲಲ್ಲಿ ಒಂದು ಗೆರೆಯ ಮುಂದೆ ಹತ್ತು ನಿಮಿಷ ನಿಲ್ಲಲು ಯಾರೂ ಬಿಡುವುದಿಲ್ಲ. ಮೊಣಕಾಲು ನೋವಿದ್ದರೆ ಕಾವಲಿನವರ ಹತ್ತಿರ ಕುರ್ಚಿ ಕೇಳಿ. ಅಲ್ಲೇ ಒಂದು ಕುರ್ಚಿ ಕಂಡರೆ ತಕ್ಷಣ ಕೂರಬೇಡಿ, ಅದು ಪ್ರದರ್ಶನದ್ದೋ ಕೂರಲು ಇಟ್ಟದ್ದೋ ಅಂತ ಒಮ್ಮೆ ವಿಚಾರಿಸಿಕೊಳ್ಳಿ.