ದಾವಣಗೆರೆಯಲ್ಲಿ ಬಿಎಸ್ಸಿ ಓದುತ್ತಾ ಕಣಪುಂಜ, ಪ್ಲಾಸ್ಮಾ ಸಂಶೋಧನೆಗೆ ತಯಾರಾಗುವುದು ಹೇಗೆ?

ದಾವಣಗೆರೆಯಲ್ಲಿ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೀರಿ. ಕಣಪುಂಜ (ಒಂದೇ ದಿಕ್ಕಿಗೆ ವೇಗವಾಗಿ ಸಾಗುವ ಕಣಗಳ ಧಾರೆ), ಪ್ಲಾಸ್ಮಾ (ಇಲೆಕ್ಟ್ರಾನು, ಅಯಾನುಗಳಾಗಿ ಒಡೆದ ಅನಿಲ) ಎರಡರಲ್ಲಿ ಯಾವುದನ್ನು ಹಿಡಿಯಬೇಕು, ಈಗಿನಿಂದ ಏನು ಕಲಿಯಬೇಕು ಎಂದು ಕೇಳಿದ್ದೀರಿ. ಯಾವುದು ಎಂಬ ತೀರ್ಮಾನ ಎಂಎಸ್ಸಿ ಮುಗಿಯುವವರೆಗೆ ಕಾಯಲಿ ಎಂಬುದು ನನ್ನ ಸಲಹೆ. ಪ್ರಯೋಗದ ಕಡೆ ಹೋದರೆ ಎರಡರಲ್ಲೂ ಮೊದಲು ಕೈ ಪಳಗಬೇಕಾದದ್ದು ನಿರ್ವಾತದ ಕೆಲಸದಲ್ಲಿ, ಅಂದರೆ ಮುಚ್ಚಿದ ಚೇಂಬರಿನಿಂದ ಗಾಳಿ ಹೊರತೆಗೆಯುವುದರಲ್ಲಿ.

10⁻³ ಮಿಲಿಬಾರ್ ಒತ್ತಡದಲ್ಲಿ ಗಾಳಿಯ ಅಣುವೊಂದು ಇನ್ನೊಂದಕ್ಕೆ ಬಡಿಯುವ ಮುನ್ನ ಸರಾಸರಿ 7 ಸೆಂಟಿಮೀಟರ್ ಸಾಗುತ್ತದೆ. 10⁻⁶ರಲ್ಲಿ ಸುಮಾರು 70 ಮೀಟರ್. ಪುಂಜ ಚದುರದೆ ಕೊಳವೆ ದಾಟಬೇಕಾದ್ದರಿಂದ ಅದಕ್ಕೆ ತುಂಬ ಕಡಿಮೆ ಒತ್ತಡ ತರುವ, ಟರ್ಬೋದಂಥ ಪಂಪ್ ಬೇಕೇ ಬೇಕು. ಕಾಲೇಜು ಮಟ್ಟದ ಗ್ಲೋ ಡಿಸ್ಚಾರ್ಜ್ ಪ್ಲಾಸ್ಮಾಗೆ (ಕಡಿಮೆ ಒತ್ತಡದ ಅನಿಲದಲ್ಲಿ ಕರೆಂಟ್ ಹರಿದು ಬೆಳಗುವುದು) ಎಣ್ಣೆ ಹಾಕಿದ ಸಾಮಾನ್ಯ ರೋಟರಿ ಪಂಪ್, 1 ಮಿಲಿಬಾರ್‌ಗಿಂತ ಕಡಿಮೆ ಒತ್ತಡ, ಕೆಲವು ನೂರು ವೋಲ್ಟ್ ಸಾಕು. ಆ ವೋಲ್ಟೇಜು ಜೀವ ತೆಗೆಯಬಲ್ಲದು. ಚೇಂಬರ್ ಅರ್ತ್ ಆಗಿರಲಿ, ಮುಟ್ಟುವ ಮೊದಲು ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ.

ಒತ್ತಡ ಇಳಿಯದಿದ್ದರೆ ಎಲ್ಲರೂ ಮೊದಲು ಲೀಕ್ ಹುಡುಕುತ್ತಾರೆ. ಅದಕ್ಕೂ ಮುಂಚೆ ಪಂಪ್ ಕಡೆಯ ವಾಲ್ವ್ ಮುಚ್ಚಿ, ಒತ್ತಡ ಏರುವುದನ್ನು ಗ್ರಾಫ್‌ನಲ್ಲಿ ಗುರುತು ಹಾಕುತ್ತಾ ಹೋಗಿ. ಗೆರೆ ನೇರವಾಗಿ ಏರುತ್ತಲೇ ಇದ್ದರೆ ಹೊರಗಿನ ಗಾಳಿ ಒಳಬರುತ್ತಿದೆ. ಬರಬರುತ್ತಾ ಬಾಗಿ ಚಪ್ಪಟೆಯಾದರೆ ಗೋಡೆಗೆ ಅಂಟಿದ ನೀರಿನಾವಿಯೋ ಬೆರಳಿನ ಎಣ್ಣೆಯೋ ಬಿಡುಗಡೆಯಾಗುತ್ತಿದೆ. ಇನ್ನೊಂದು ಕಳ್ಳ ಕಾರಣವಿದೆ: ತಳವಿರುವ ತೂತಿಗೆ ಬೋಲ್ಟ್ ತಿರುಗಿಸಿದಾಗ ಅದರಡಿ ಸಿಕ್ಕಿಬಿದ್ದ ಗಾಳಿ ಗಂಟೆಗಟ್ಟಲೆ ನಿಧಾನಕ್ಕೆ ಸೋರುತ್ತದೆ. ಲೀಕ್ ಹುಡುಕಲು ಹೊರಗಿನಿಂದ ಹೀಲಿಯಂ ಊದಿದರೆ ಇದು ಗೊತ್ತೇ ಆಗುವುದಿಲ್ಲ. ನಡುವೆ ರಂಧ್ರ ಕೊರೆದ ಬೋಲ್ಟ್ ಹಾಕುವುದೇ ಪರಿಹಾರ.

ನಮ್ಮೂರಿಗೆ ಸಂಬಂಧಿಸಿದ ಎರಡು ಮಾತು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ತೆರೆದ ಚೇಂಬರಿನಲ್ಲಿ ಗೇಜ್ 1013ರ ಬದಲು 940 ಮಿಲಿಬಾರ್ ಆಸುಪಾಸು ತೋರಿಸಿದರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಇನ್ನು, ಕರೆಂಟ್ ಹೋದಾಗ ರೋಟರಿ ಪಂಪಿನ ಎಣ್ಣೆ ಚೇಂಬರಿಗೆ ಹಿಮ್ಮುಖವಾಗಿ ಏರಬಹುದು. ತಾನಾಗಿ ಮುಚ್ಚಿಕೊಳ್ಳುವ ವಾಲ್ವ್ ಇಲ್ಲದೆ ಪಂಪ್ ಓಡಿಸಬೇಡಿ.

ಪ್ಲಾಸ್ಮಾ ಬಂದ ಮೇಲೆ ಅಳೆಯಲು ಲ್ಯಾಂಗ್‌ಮ್ಯೂರ್ ಪ್ರೋಬ್ (ಪ್ಲಾಸ್ಮಾದೊಳಗೆ ಇಟ್ಟು ಕರೆಂಟ್ ಅಳೆಯುವ ತಂತಿ) ಮಾಡಿಕೊಳ್ಳಿ: 0.5 ಮಿ.ಮೀ. ದಪ್ಪದ ಟಂಗ್‌ಸ್ಟನ್ ತಂತಿ, ತುದಿಯಲ್ಲಿ 5 ಮಿ.ಮೀ. ಮಾತ್ರ ಹೊರಗೆ, ಉಳಿದದ್ದು ಸೆರಾಮಿಕ್ ಕೊಳವೆಯೊಳಗೆ. ವೋಲ್ಟೇಜ್ ಬದಲಿಸುತ್ತಾ ಕರೆಂಟ್ ಬರೆದುಕೊಂಡು, ಅಯಾನುಗಳ ಪಾಲನ್ನು ಕಳೆದು, ಉಳಿದ ಕರೆಂಟಿನ ಸಹಜ ಲಾಗರಿದಮ್ (ln) ತೆಗೆದರೆ ನೇರಗೆರೆ ಸಿಗುತ್ತದೆ. ಅದರ ಇಳಿಜಾರಿನ ವಿಲೋಮವೇ ಇಲೆಕ್ಟ್ರಾನ್ ವೋಲ್ಟ್‌ನಲ್ಲಿ ಇಲೆಕ್ಟ್ರಾನ್ ತಾಪಮಾನ. ವೋಲ್ಟೇಜ್ ಏರಿಸುವಾಗ ಒಂದು ಗೆರೆ, ಇಳಿಸುವಾಗ ಇನ್ನೊಂದು ಬಂದರೆ ತುದಿ ಕೊಳೆಯಾಗಿದೆ. ಧನ ವೋಲ್ಟೇಜ್ ಕೊಟ್ಟು ತಂತಿ ಕೆಂಪಗಾಗುವವರೆಗೆ ಕಾಯಿಸಿದರೆ ಶುದ್ಧವಾಗುತ್ತದೆ. ಸೆರಾಮಿಕ್ ಮೇಲೆ ಲೋಹ ಲೇಪವಾಗಿ ತಂತಿಗೆ ತಾಗಿದರೆ ಪ್ರೋಬಿನ ಮೇಲ್ಮೈ ಹಿಗ್ಗಿ ಸಾಂದ್ರತೆ ಸುಳ್ಳೇ ಹೆಚ್ಚು ಕಾಣುತ್ತದೆ. ಕೊಳವೆಯ ಬಾಯಲ್ಲಿ ತಂತಿಯ ಸುತ್ತ ಸ್ವಲ್ಪ ಜಾಗ ಬಿಡುವುದು ಇದಕ್ಕಾಗಿಯೇ.

ಲ್ಯಾಬ್ ಸಿಗದಿದ್ದರೆ ಲ್ಯಾಪ್‌ಟಾಪಿನಲ್ಲೇ ಪಾರ್ಟಿಕಲ್-ಇನ್-ಸೆಲ್ ಪ್ರೋಗ್ರಾಂ (ಜಾಗವನ್ನು ಗ್ರಿಡ್ ಮನೆಗಳಾಗಿ ಹಂಚಿ ಕಣಗಳ ಚಲನೆ ಲೆಕ್ಕ ಹಾಕುವುದು) ಬರೆಯಿರಿ. ಒಂದು ಆಯಾಮ ಸಾಕು. ಘನ ಸೆಂಟಿಮೀಟರಿಗೆ 10¹⁰ ಇಲೆಕ್ಟ್ರಾನ್, 2 ಇಲೆಕ್ಟ್ರಾನ್ ವೋಲ್ಟ್ ತಾಪಮಾನವಿದ್ದರೆ ಡಿಬೈ ಉದ್ದ (ಒಂದು ಆವೇಶದ ಪ್ರಭಾವವನ್ನು ಪ್ಲಾಸ್ಮಾ ಮರೆಮಾಡುವ ದೂರ) ಸುಮಾರು 0.1 ಮಿ.ಮೀ. ಗ್ರಿಡ್ ಮನೆ ಅದಕ್ಕಿಂತ ತುಂಬ ದೊಡ್ಡದಾದರೆ ಪ್ಲಾಸ್ಮಾ ಕಾರಣವಿಲ್ಲದೆ ಬಿಸಿಯಾಗುತ್ತಾ ಹೋಗುತ್ತದೆ. ಅದು ಲೆಕ್ಕದ ದೋಷ, ಭೌತವಿಜ್ಞಾನವಲ್ಲ. ಇದೇ ಸಾಂದ್ರತೆಗೆ ಕಾಲದ ಹೆಜ್ಜೆ 35 ಪಿಕೋಸೆಕೆಂಡ್ ಮೀರದಿರಲಿ.

ಎರಡೂ ಕ್ಷೇತ್ರ ಕೂಡುವ ಜಾಗವೇ ನನಗೆ ಅತ್ಯಂತ ಇಷ್ಟ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಪರಮಾಣು ಸಮ್ಮಿಳನ (ಫ್ಯೂಷನ್) ಯಂತ್ರ ಐಟರ್‌ನ ಪ್ಲಾಸ್ಮಾ ಕಾಯಿಸಲು 10 ಲಕ್ಷ ಇಲೆಕ್ಟ್ರಾನ್ ವೋಲ್ಟ್‌ನ ತಟಸ್ಥ ಪುಂಜ ಬೇಕು. ಅಷ್ಟು ಶಕ್ತಿಯಲ್ಲಿ ಧನ ಅಯಾನುಗಳನ್ನು ತಟಸ್ಥಗೊಳಿಸುವುದು ಆಗದ ಮಾತು. ಹಾಗಾಗಿ ಋಣ ಅಯಾನುಗಳಿಂದ ಶುರುಮಾಡುತ್ತಾರೆ. ಐಟರ್‌ನ ಪ್ಲಾಸ್ಮಾ ಪರೀಕ್ಷಿಸುವ 100 ಕಿಲೋ ಇಲೆಕ್ಟ್ರಾನ್ ವೋಲ್ಟ್ ಪುಂಜದ ಹೊಣೆ ಭಾರತದ್ದು, ಅದರ ಕೆಲಸ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಐಪಿಆರ್‌ನಲ್ಲಿ. ಇನ್ನೊಂದು ದಾರಿ, ಪ್ಲಾಸ್ಮಾದ ಅಲೆಯಿಂದಲೇ ಕಣ ವೇಗಗೊಳಿಸುವುದು: 2018ರಲ್ಲಿ ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ಅವೇಕ್ ಪ್ರಯೋಗ 10 ಮೀಟರ್ ಪ್ಲಾಸ್ಮಾದಲ್ಲಿ ಇಲೆಕ್ಟ್ರಾನುಗಳನ್ನು 200 ಕೋಟಿ ಇಲೆಕ್ಟ್ರಾನ್ ವೋಲ್ಟ್‌ಗೆ ಏರಿಸಿತು.

ಪುಂಜದ ಕಡೆ ಒಲವಾದರೆ ಕಣ ವೇಗವರ್ಧಕಗಳಿರುವ ಸಂಸ್ಥೆಗಳಾದ ಇಂದೋರ್‌ನ ಆರ್‌ಆರ್‌ಕ್ಯಾಟ್, ಕೊಲ್ಕತ್ತದ ವಿಇಸಿಸಿ, ದೆಹಲಿಯ ಐಯುಎಸಿ ನೋಡಿ. ಪಿಎಚ್‌ಡಿಗೆ ಬಾಗಿಲು ಈ ಪ್ರವೇಶ ಪರೀಕ್ಷೆಗಳು: ಜೆಸ್ಟ್, ಯುಜಿಸಿ-ಸಿಎಸ್‌ಐಆರ್ ನೆಟ್, ಗೇಟ್. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ಪಿನ ಮೊತ್ತ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಮನೆಯವರಿಗೆ ಈ ಲೆಕ್ಕ ಮೊದಲೇ ಹೇಳಿಬಿಡಿ.

ಪಕ್ಕದ ಚಳ್ಳಕೆರೆಯ ಕುದಾಪುರದಲ್ಲಿ ಐಐಎಸ್‌ಸಿ ಶಿಕ್ಷಕರಿಗೆ ತರಬೇತಿ ನಡೆಸುತ್ತದೆ. ನಿಮ್ಮ ಮೇಷ್ಟ್ರಿಗೆ ಹೋಗಿಬನ್ನಿ ಎಂದು ಹೇಳಿ. ಎಂಎಸ್ಸಿಯಲ್ಲಿ ಬೇಸಿಗೆ ಪ್ರಾಜೆಕ್ಟಿಗೆ ಅರ್ಜಿ ಹಾಕುವಾಗ ನಿಮ್ಮ ಪ್ರೋಗ್ರಾಂನ ಒಂದು ಗ್ರಾಫ್ ಲಗತ್ತಿಸಿ: ಎದುರುಬದುರು ಹರಿಯುವ ಎರಡು ಸಮಾನ ಪುಂಜಗಳ ಅಸ್ಥಿರತೆ, ಅದರ ಗರಿಷ್ಠ ಬೆಳವಣಿಗೆಯ ದರ ಒಟ್ಟು ಪ್ಲಾಸ್ಮಾ ಆವರ್ತನದ (ಎರಡೂ ಪುಂಜಗಳ ಇಲೆಕ್ಟ್ರಾನುಗಳು ಸೇರಿ ಸಹಜವಾಗಿ ಕಂಪಿಸುವ ಆವರ್ತನ) 0.35 ಪಟ್ಟಿಗೆ ಹೊಂದಿದೆಯೇ ಎಂಬ ಹೋಲಿಕೆಯೊಡನೆ.